ಯಾರಿಗಾಗಿ ಅತ್ತೆವು?

2025ರ ಮಳೆಗಾಲದ ಒಂದು ರಾತ್ರಿ ಮಡಿಕೇರಿಯ ಮಿತ್ರರೊಬ್ಬರ ಮನೆಯಲ್ಲಿ ನಾವು ಏಳೆಂಟು ಮಂದಿ ಸೇರಿ 'ಘಟಶ್ರಾದ್ಧ' ಚಿತ್ರ ನೋಡಿದೆವು. ಹೊರಗೆ ಕೊಡಗಿನ ಮಳೆ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 1977ರಲ್ಲಿ ತೆಗೆದ ಮೊದಲ ಚಿತ್ರವದು. ಸ್ವರ್ಣಕಮಲ ಪಡೆಯಿತು. 2024ರಲ್ಲಿ ಅದರ ಪ್ರತಿಯನ್ನು ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲೂ ತೋರಿಸಿದರು.

ವೇದ ಪಾಠಶಾಲೆಗೆ ಬಂದು ಸೇರುವ ನಾಣಿ ಎಂಬ ಎಳೆಯ ಹುಡುಗನಿಗೆ ಅಲ್ಲಿ ತಾಯಿಯಂತಿರುವವಳು ಗುರುಗಳ ವಿಧವೆ ಮಗಳು ಯಮುನಕ್ಕ. ಆಕೆ ಗರ್ಭಿಣಿಯಾಗುತ್ತಾಳೆ. ಕೊನೆಗೆ ಹೆತ್ತ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಹೊರಹಾಕುತ್ತಾನೆ. ತಲೆ ಬೋಳಿಸಿಕೊಂಡು ಮರದಡಿ ಒಂಟಿಯಾಗಿ ಕುಳಿತ ಅವಳನ್ನು ನೋಡುತ್ತಾ ನಾಣಿ ಊರು ಬಿಡುತ್ತಾನೆ. ಒಂದೇ ಸಲಕ್ಕೆ ಅವನ ಬಾಲ್ಯ ಮುಗಿದುಹೋಗುತ್ತದೆ.

ಚಿತ್ರ ಮುಗಿದಾಗ ಯಾರೂ ಮಾತಾಡಲಿಲ್ಲ. ಕಣ್ಣೊರೆಸಿಕೊಂಡವರಲ್ಲಿ ಗಂಡಸರೇ ಹೆಚ್ಚು. ಆಮೇಲೆ ಒಬ್ಬರೆಂದರು: "ಅಬ್ಬಾ, ಅವರಲ್ಲಿ ಎಂಥೆಂಥ ಆಚಾರಗಳಿದ್ದವು!"

'ಅವರಲ್ಲಿ' ಎಂಬ ಆ ಒಂದು ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಇದೇ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಮಾಡಿದರು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆ ಅದಕ್ಕೆ ಆಧಾರ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ತೊರೆದ ಹೆಂಗಸು ನ್ಯಾಯ ಕೇಳಿ ಮಸೀದಿಯ ಮುಂದೆ ಕೂರುವ ಕಥೆ. 2025ರಲ್ಲಿ ಬಾನು ಅವರೊಂದಿಗೆ ಅಂತಾರಾಷ್ಟ್ರೀಯ ಬುಕರ್ ಹಂಚಿಕೊಂಡ ಅನುವಾದಕಿ ದೀಪಾ ಭಾಸ್ತಿ ಇದೇ ಮಡಿಕೇರಿಯವರು. ಅದಕ್ಕೆ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ರಾತ್ರಿ 'ಹಸೀನಾ'ದ ಮಾತು ತೆಗೆದಾಗ "ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ" ಎಂಬ ಉತ್ತರ ಬಂತು. ಯಮುನಕ್ಕನ ಬಗ್ಗೆ ಯಾರಿಗೂ ಉತ್ಪ್ರೇಕ್ಷೆ ಕಂಡಿರಲಿಲ್ಲ!

ಕಲೆ ತರಿಸುವ ಕಣ್ಣೀರು ಸುಳ್ಳೆಂದು ನಾವು ಹೇಳುತ್ತಿಲ್ಲ. ಕಲ್ಲಾದ ಮನಸ್ಸಿಗೆ ಅದೂ ಬೇಕು. ತೊಡಕಿರುವುದು ಬೇರೆಡೆ. ಇಡೀ ಕಥೆಯನ್ನು ನಾವು ನಾಣಿಯ ಕಣ್ಣಿನಿಂದ ನೋಡುತ್ತೇವೆ. ಹಾಗೆ ನೋಡುತ್ತಾ ನಾಣಿಯಷ್ಟೇ ನಾವೂ ನಿರಪರಾಧಿಗಳೆಂದು ನಂಬಿಬಿಡುತ್ತೇವೆ. ಅವನು ಮಗು. ಯಮುನಕ್ಕನನ್ನು ಉಳಿಸುವ ಶಕ್ತಿ ಅವನಿಗಿರಲಿಲ್ಲ. ಅವನ ಅಳುವಿಗೆ ಆ ಹಕ್ಕಿದೆ. ನಮಗೆ? ಚಿತ್ರದಲ್ಲಿ ನಮ್ಮ ವಯಸ್ಸಿನವರು ಯಾರೆಂದು ಹುಡುಕಿದರೆ ಸಿಗುವವರು ಅವಳ ಬಗ್ಗೆ ತೀರ್ಪು ಕೊಡುವ ಹಿರಿಯರು. ಹೆಣ್ಣಿನ ಹಕ್ಕುಗಳ ಬಗ್ಗೆ ವೇದಿಕೆಯಲ್ಲಿ ಕುರ್‌ಆನ್ ವಚನ ಉದ್ಧರಿಸುವ ನಾವು ಕಮಿಟಿಯ ಕುರ್ಚಿಯಲ್ಲಿ ಕುಳಿತಾಗ "ಸ್ವಲ್ಪ ತಾಳ್ಮೆ ಇರಲಿ ಮಗಳೇ" ಎನ್ನುತ್ತೇವೆ. ತಾಳ್ಮೆಯ ಉಪದೇಶ ಗಂಡನಿಗೆ ತಲುಪಿದ್ದನ್ನು ಮಾತ್ರ ನಾವು ಕಂಡಿಲ್ಲ.

ಅಂದು ಕಣ್ಣೊರೆಸಿಕೊಂಡವರಲ್ಲಿ ಒಬ್ಬರು ಜಮಾಅತ್ ಕಮಿಟಿಯ ಸದಸ್ಯರು. ಇಬ್ಬರು ಹೆಣ್ಣುಮಕ್ಕಳೊಂದಿಗೆ ತವರಿಗೆ ಅಟ್ಟಲ್ಪಟ್ಟ ತರುಣಿಯೊಬ್ಬಳ ಅರ್ಜಿ ಆಗಲೇ ಅವರ ಮುಂದಿತ್ತು. ಊಟಕ್ಕೆ ಏಳುವಾಗ ಅದರ ಬಗ್ಗೆ ಕೇಳಿದೆವು. "ಗಂಡಿನ ಕಡೆಯವರೂ ಬರಬೇಕಲ್ಲ" ಎಂದರು. ಇದನ್ನು ಬರೆಯುವ ಹೊತ್ತಿಗೂ ಅವರು ಬಂದಿಲ್ಲ.