ವೈರಿಯ ಜಯವೂ ವೈರದ ಜಯವೂ

ವೀರನೆಂದರೆ ಯಾರು? ವೈರಿಯನ್ನು ಕೊಂದವನೋ, ತನ್ನೊಳಗಿನ ವೈರವನ್ನು ತಡೆದವನೋ? ಇದನ್ನು ವಿಚಾರಿಸುವವರಿಗೆ ಪ್ರಾಚೀನ ಗ್ರೀಕರ ‘ಇಲಿಯಡ್’ ಮಹಾಕಾವ್ಯವು ಉತ್ತಮ ದೃಷ್ಟಾಂತವಾಗಿದೆ. ಕ್ರಿಸ್ತಪೂರ್ವ 8ನೆಯ ಶತಮಾನದ ಸುಮಾರಿಗೆ ರೂಪುಗೊಂಡಿತೆನ್ನಲಾದ, ಹೋಮರ ಕವಿಯ ಹೆಸರಿನಲ್ಲಿ ಪ್ರಸಿದ್ಧವಾದ ಈ ಕಾವ್ಯದಲ್ಲಿ 24 ಸರ್ಗಗಳಿವೆ. ಇದರ ಮೊದಲ ಶಬ್ದವೇ ಕ್ರೋಧವೆಂಬ ಅರ್ಥವುಳ್ಳದ್ದು.

ಆ ಕಾವ್ಯದ ವೀರರಿಗೆ ಬದುಕಿರುವಾಗ ದೊರೆಯುವ ಮಾನ, ಸತ್ತ ಮೇಲೆ ಉಳಿಯುವ ಕೀರ್ತಿ, ಇವೆರಡೂ ಪ್ರಾಣಕ್ಕಿಂತ ಮಿಗಿಲು. ಮಾನಕ್ಕೆ ಗುರುತೆಂದರೆ ಯುದ್ಧದಲ್ಲಿ ಬಂದ ಪಾಲು. ಟ್ರಾಯ್ ನಗರವನ್ನು ಮುತ್ತಿದ್ದ ಗ್ರೀಕರ ಸೇನಾಧಿಪತಿ ಅಗಮೆಮ್ನಾನನು, ಅಕಿಲೀಸನ ಪಾಲಿಗೆ ಬಂದಿದ್ದ ಬ್ರಿಸೇಯಿಸ್ ಎಂಬ ಸೆರೆಯ ಹೆಣ್ಣನ್ನು ಕಸಿದುಕೊಂಡನು. ಆಕೆಯ ಇಚ್ಛೆಯೇನೆಂದು ಕೇಳಿದವರಿಲ್ಲ. ಅಕಿಲೀಸನಾದರೋ ತನಗೆ ಮಾನಭಂಗವಾಯಿತೆಂದು ಯುದ್ಧದಿಂದ ಹಿಂದೆಗೆದನು. ಅದಕ್ಕೆ ಸ್ವಪಕ್ಷದವರೇ ಪ್ರಾಣದ ಬೆಲೆ ತೆತ್ತರು. ಅವನ ಪ್ರಾಣಮಿತ್ರನಾದ ಪ್ಯಾಟ್ರೋಕ್ಲಸನೂ ಟ್ರಾಯ್ ರಾಜಕುಮಾರ ಹೆಕ್ಟರನ ಕೈಯಿಂದ ಮಡಿದನು.

ಆಗ ಅಕಿಲೀಸನು ಹೆಕ್ಟರನನ್ನು ಕೊಂದು, ಶವವನ್ನು ರಥಕ್ಕೆ ಕಟ್ಟಿ ಎಳೆದನು. ಅಷ್ಟಕ್ಕೂ ಅವನಿಗೆ ನಿದ್ರೆ ಬರಲಿಲ್ಲ. ದಿನದಿನವೂ ಮಿತ್ರನ ಸಮಾಧಿಯ ಸುತ್ತ ಶವವನ್ನು ಎಳೆಯುತ್ತಲೇ ಇದ್ದನು. ವೈರಿ ಸತ್ತನು, ವೈರ ಸಾಯಲಿಲ್ಲ.

ಕೊನೆಯ ಸರ್ಗದಲ್ಲಿ ಹೆಕ್ಟರನ ವೃದ್ಧತಂದೆ ಪ್ರಿಯಾಮ್ ರಾಜನು ರಾತ್ರಿಯ ವೇಳೆ ಶತ್ರುವಿನ ಬಿಡಾರಕ್ಕೆ ಬಂದು, ತನ್ನ ಮಕ್ಕಳನ್ನು ಕೊಂದ ಆ ಕೈಗಳನ್ನೇ ಮುತ್ತಿಟ್ಟು, ನಿನ್ನ ತಂದೆಯನ್ನು ನೆನೆದು ಕನಿಕರಿಸೆಂದು ಬೇಡುತ್ತಾನೆ. ದೂರದೂರಿನಲ್ಲಿ ಮುಪ್ಪಾಗಿರುವ ತಂದೆ ಅಕಿಲೀಸನ ಕಣ್ಮುಂದೆ ಬರುತ್ತಾನೆ. ಕೊಂದವನೂ ಕಳೆದುಕೊಂಡವನೂ ಜೊತೆಯಾಗಿ ಅಳುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಅಕಿಲೀಸನು ಆ ಗಳಿಗೆಯಲ್ಲಿ ಶಾಂತಮೂರ್ತಿಯಾಗಿಬಿಡಲಿಲ್ಲ. ಮುದುಕನು ಅವಸರಪಡಿಸಿದಾಗ ಗದರುತ್ತಾನೆ. ಮಗನ ಶವವನ್ನು ಕಂಡು ತಂದೆ ಸಿಡಿದರೆ ತಾನೂ ಕೆರಳಿ ಅವನನ್ನು ಕೊಂದೇನೆಂದು ಅಂಜಿ, ಶವವನ್ನು ಮರೆಯಲ್ಲಿ ತೊಳೆಸುತ್ತಾನೆ. ತಾನೇ ಅದನ್ನೆತ್ತಿ ಚಟ್ಟದ ಮೇಲಿಡುತ್ತಾನೆ. ಬಳಿಕ ಅತಿಥಿಗೆ ಉಣಬಡಿಸಿ, ಉತ್ತರಕ್ರಿಯೆಗೆಂದು 11 ದಿನ ಯುದ್ಧವನ್ನು ನಿಲ್ಲಿಸುವೆನೆಂದು ಮಾತು ಕೊಡುತ್ತಾನೆ. ಕ್ರೋಧವು ಅಳಿದಿರಲಿಲ್ಲ, ಆದರೆ ಅದು ಎಲ್ಲಿ ಹೊತ್ತಿಕೊಂಡೀತೆಂಬುದನ್ನು ಅವನು ಬಲ್ಲವನಾಗಿದ್ದನು, ಬಲ್ಲವನಾಗಿ ಸೌದೆಯನ್ನು ದೂರವಿರಿಸಿದನು. ಅವನು ಗೆದ್ದ ಕಾಳಗಗಳಲ್ಲೆಲ್ಲ ಇದೇ ಕಠಿಣವಾದುದು.

ಹನ್ನೆರಡನೆಯ ದಿನ ಯುದ್ಧವು ಮರಳಿ ಮೊದಲಾಗುವುದೆಂಬುದನ್ನು ಕವಿಯು ಮರೆಮಾಚುವುದಿಲ್ಲ. ಆದರೂ ಕಾವ್ಯವು ಮುಗಿಯುವುದು ಟ್ರಾಯ್ ನಗರದ ಪತನದಿಂದಲ್ಲ, ವೈರಿಯ ಅಂತ್ಯಸಂಸ್ಕಾರದಿಂದ.

ಮಾನದ ಮಾತಿಗೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಡುವ ಮನೆಗಳು ಇಂದಿಗೂ ಇವೆ. ಅಲ್ಲಿ ಬೇಕಾದ ಶೌರ್ಯವೂ ಇದೇ: ಎದುರಿಗಿರುವವನ ದುಃಖದಲ್ಲಿ ತನ್ನವರ ಮುಖವನ್ನು ಕಾಣುವುದು, ತನ್ನ ಕೋಪ ಹೊತ್ತುವ ತಾವನ್ನರಿತು ಮೊದಲೇ ಎಚ್ಚರವಾಗಿರುವುದು. ಕ್ರೋಧವು ಬೇರುಸಹಿತ ಹೋಗುವವರೆಗೆ ಕಾಯುತ್ತ ಕುಳಿತರೆ ಕರುಣೆಗೆ ಕಾಲವೇ ಬಾರದು.