ಇದರಾಗ ನಮ್ಮ ಮಾತು ಐತೇನು?



ನಮ್ಮ ಕೇರಿಯ ಹುಡುಗನೊಬ್ಬ ಬಿ.ಎ. ಮುಗಿಸಿ ಲಾ ಓದುತ್ತೇನೆಂದು ಹಟ ಹಿಡಿದ. ನಾವು ನಾಲ್ಕು ಜನ ಕೊಪ್ಪಳಕ್ಕೆ ಹೋಗಿ ಅವನಿಗೊಂದು ದಪ್ಪನೆಯ ಇಂಗ್ಲಿಷ್ ಗೈಡು ತಂದೆವು. ಅವನ ಅವ್ವ ಗಂಗಾವತಿ ಕಡೆ ಭತ್ತದ ನಾಟಿಗೆ ಹೋಗಿ ದುಡಿದ ಕೂಲಿ ಅದಕ್ಕೇ ಹೋಯಿತು. ಆ ತಾಯಿ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ ಕೇಳಿದಳು: "ಇದರಾಗ ನಮ್ಮ ಮಾತು ಎಲ್ಲ್ಯರ ಐತೇನಪ್ಪಾ?" ಪದವಿ ಪಡೆದ ನಾವು, ಕವಿತೆ ಬರೆಯುವ ನಾವು, ತಲೆ ತಗ್ಗಿಸಿದೆವು.

ಉಪಯುಕ್ತ ಪುಸ್ತಕ ಅಂದರೆ ಯಾವುದು? ಬಾಗಿಲು ದಾಟಿಸುವುದೋ, ದಾಟಿದ ಮೇಲೂ ಹೊರಗೆ ನಿಂತವರ ನೆನಪು ಉಳಿಸುವುದೋ?

ಗೈಡನ್ನು ನಾವು ಹೀಗಳೆಯುವುದಿಲ್ಲ. ಹೊಟ್ಟೆ ತುಂಬಿದವರು ಪರೀಕ್ಷೆಯನ್ನು ಹಗುರಾಗಿ ಕಂಡಾರು; ನಮಗೆ ಆ ಸೌಕರ್ಯವಿಲ್ಲ. ಆದರೆ ಮೊದಲು ಬಾಗಿಲು ಯಾವುದೆಂದು ತಿಳಿಯಬೇಕು. ಪಿಯುಸಿ ಆದವರು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಂಥ ಕಡೆ ಐದು ವರ್ಷದ ಕೋರ್ಸು ಸೇರಲು ಕ್ಲ್ಯಾಟ್ ಬರೆಯಬೇಕು. ಅದು ನಡೆಯುವುದು ಇಂಗ್ಲಿಷಿನಲ್ಲಿ. 2020ರಿಂದ ಗದ್ಯಭಾಗ ಕೊಟ್ಟು, ಓದಿ ಅರ್ಥ ಮಾಡಿಕೊಂಡು ಉತ್ತರಿಸಿ ಅನ್ನುತ್ತಾರೆ. ತಪ್ಪಿದರೆ ಕಾಲು ಅಂಕ ಕಡಿತ. ಅಲ್ಲಿ ಬಾಯಿಪಾಠದ ಗೈಡಿಗಿಂತ ದಿನಾ ಒಂದು ಇಂಗ್ಲಿಷ್ ಪೇಪರು ಓದುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಪದವಿ ಮುಗಿಸಿ, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಮಾಡುವವರಿಗೆ ನೋಡುವುದು ಪದವಿಯ ಅಂಕ. ನಮ್ಮ ಹುಡುಗ ಹೊರಟದ್ದು ಇಲ್ಲಿಗೇ. ಅವನಿಗೆ ಆ ಗೈಡೇ ಬೇಕಿರಲಿಲ್ಲ! ಒಬ್ಬ ತಾಯಿಯ ಕೂಲಿಯನ್ನು ನಮ್ಮ ಅಜ್ಞಾನ ನುಂಗಿತು.

ಹಳೇ ಪುಸ್ತಕ ಅಗ್ಗಕ್ಕೆ ಸಿಗುತ್ತದೆ. ಆದರೆ 2024ರ ಜುಲೈ 1ರಿಂದ ಇಂಡಿಯನ್ ಪೀನಲ್ ಕೋಡಿನ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸೆಕ್ಷನ್ನುಗಳ ನಂಬರು ಬದಲಾಗಿವೆ. ಬದಲಾಗದ್ದು ಸಂವಿಧಾನದ 17ನೇ ವಿಧಿ. 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ದೂರು ದಾಖಲಿಸುವ ಕರ್ತವ್ಯವನ್ನು ಬೇಕೆಂದೇ ಕಡೆಗಣಿಸಿದ, ಪರಿಶಿಷ್ಟರಲ್ಲದ ಅಧಿಕಾರಿಗೂ ಅದರ 4ನೇ ಸೆಕ್ಷನ್ನಿನಲ್ಲಿ ಶಿಕ್ಷೆಯಿದೆ. ಇದನ್ನು ಓದದ ವಕೀಲ ಠಾಣೆಯ ಮುಂದೆ ನಮ್ಮವರ ಜತೆ ನಿಂತು ಏನು ಮಾಡಿಯಾನು?

ತೀರ್ಪುಗಳನ್ನೂ ಓದಬೇಕು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಬಹುಪಾಲು ಜನರಿಗೆ ಜಾಮೀನು ಸಿಕ್ಕಿತು. "ಶಿಕ್ಷೆ ಆದವ್ರು ಹೆಂಗ ಹೊರಗ ಬಂದ್ರು?" ಅಂತ ಕೇರಿ ಕೇಳುತ್ತದೆ. ಮೇಲ್ಮನವಿ ಅಂದರೇನು, ಶಿಕ್ಷೆ ಅಮಾನತು ಅಂದರೇನು ಎಂದು ಬಿಡಿಸಿ ಹೇಳುವವರು ಬೇಕು. 2021ರಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತರ ಎರಡು ವರ್ಷದ ಕೂಸು ಗುಡಿಯೊಳಗೆ ಹೋಯಿತೆಂದು ದಂಡ ಕೇಳಿದರು. ಆ ಕೂಸಿಗೂ ಓದುವ ವಯಸ್ಸು ಬರುತ್ತದೆ. ಅದರ ಕೈಗೆ ನಾವೇನು ಕೊಡುತ್ತೇವೆ?

ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಆ ನೀರಿನ ಹಕ್ಕು ಬಾಂಬೆ ಹೈಕೋರ್ಟಿನಲ್ಲಿ ಗೆದ್ದದ್ದು 1937ರಲ್ಲಿ. ಅಲ್ಲೂ ಹತ್ತು ವರ್ಷ, ಮರಕುಂಬಿಗೂ ಹತ್ತು ವರ್ಷ. ಇಷ್ಟು ಕಾಯುವ ಜನಕ್ಕೆ ಪರೀಕ್ಷೆ ಪಾಸಾಗುವಷ್ಟೇ ಓದಿದವನು ಸಾಕೇ? ಕರಿ ಕೋಟು ಹಾಕಿಕೊಂಡು ಕೇರಿಯ ದಾರಿ ಮರೆತವರನ್ನು ಕಂಡಿದ್ದೇವೆ. ನಾಳೆ ನಾವೂ ಹಾಗಾದೇವು.

ಅದಕ್ಕೇ ನಾವೊಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಕನ್ನಡದ ಸಂವಿಧಾನ ಒಂದು, 1989ರ ಕಾಯ್ದೆ ಒಂದು; ಐದು ಜನಕ್ಕೆ ಒಂದೇ ಪ್ರತಿ. ಓದಿದ್ದನ್ನು ಐತವಾರ ರಾತ್ರಿ ಕೇರಿಯಲ್ಲಿ ಕೂತು ನಮ್ಮ ಮಾತಿನಲ್ಲಿ ಹೇಳಬೇಕು. ಕೇಳಿದವರಿಗೆ ತಿಳಿಯದಿದ್ದರೆ ನಮಗೂ ತಿಳಿದಿಲ್ಲವೆಂದೇ ಲೆಕ್ಕ. ಯಲಬುರ್ಗಾದ, ಕುಷ್ಟಗಿಯ ಮಾಸ್ತರರೇ, ನಿಮ್ಮೂರಲ್ಲೂ ಇದು ಆಗಲಿ.

ಹೋದ ಐತವಾರ 17ನೇ ವಿಧಿ ಓದಿದೆವು. ಆ ತಾಯಿ ಪೂರ್ತಿ ಕೇಳಿ, "ಹಂಗ ಬರದಾರಂದ ಮ್ಯಾಲ ಇನ್ನೂ ಯಾಕ ನಡದೈತಿ?" ಅಂದಳು.

ಆ ಪ್ರಶ್ನೆಗೆ ತಕ್ಕ ಪುಸ್ತಕ ಹುಡುಕುತ್ತಿದ್ದೇವೆ.