ಹೆಸರು ಮರೆತ ಮೇಲೆ ಉಳಿಯುವುದು

ಭದ್ರಾವತಿಯ ನ್ಯೂಟೌನಿನಲ್ಲಿರುವ ನನ್ನ ಅಜ್ಜಿಗೆ ಮರೆವಿನ ಕಾಯಿಲೆ. ಒಂದು ದಿನ ಅಡುಗೆಮನೆಯಲ್ಲಿ ನಿಂತು, "ಅಕ್ಕಿ ಕೇರ್ತಾರಲ್ಲ, ಅದನ್ನ ಕೊಡೇ" ಎಂದು ಅಮ್ಮನನ್ನು ಕೇಳಿದಳು. 'ಮೊರ' ಎಂಬ ಪದ ಹೋಗಿಬಿಟ್ಟಿತ್ತು. ಆದರೆ 'ಅದನ್ನ' ಎಂಬಲ್ಲಿನ ವಿಭಕ್ತಿ, 'ಕೇರ್ತಾರೆ' ಎಂಬಲ್ಲಿನ ಕಾಲ, ವಚನ ಎಲ್ಲವೂ ಇದ್ದಲ್ಲೇ ಇದ್ದವು.

ಪದ ಒಂದು ಕಡೆ, ವ್ಯಾಕರಣ ಇನ್ನೊಂದು ಕಡೆ ವಾಸಿಸುತ್ತವೆಯೇ? ನರವಿಜ್ಞಾನಿ ಮೈಕೆಲ್ ಉಲ್ಮನ್ ಹೆಚ್ಚುಕಡಿಮೆ ಹೌದೆನ್ನುತ್ತಾರೆ. ಸಂಗತಿಗಳ ನೆನಪಿಗೆ ಹಿಪೊಕ್ಯಾಂಪಸ್ ಆಸರೆ. ಸೈಕಲ್ ತುಳಿಯುವಂಥ ರೂಢಿಯ ನೆನಪಿಗೆ ಮೆದುಳಿನಾಳದ ಬೇಸಲ್ ಗ್ಯಾಂಗ್ಲಿಯಾ. ಪದಗಳು ಮೊದಲನೆಯದನ್ನು, ವ್ಯಾಕರಣ ಬಹುಮಟ್ಟಿಗೆ ಎರಡನೆಯದನ್ನು ನೆಚ್ಚಿವೆ ಎಂಬುದು ಅವರ ವಾದ. 1953ರ ಶಸ್ತ್ರಚಿಕಿತ್ಸೆಯಲ್ಲಿ ಹಿಪೊಕ್ಯಾಂಪಸ್‌ನ ಬಹುಭಾಗ ಕಳೆದುಕೊಂಡ ಹೆನ್ರಿ ಮೊಲೇಸನ್, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತರು. ಕಲಿತದ್ದು ಮಾತ್ರ ಅವರಿಗೆ ನೆನಪಿರಲಿಲ್ಲ.

ಈ ಎರಡೂ ಬಗೆಯ ನೆನಪು ಇಲಿಗಳಿಗೂ ಇದೆ. ಅಂದರೆ ಮನೆ ಮೊದಲೇ ಕಟ್ಟಿತ್ತು. ಭಾಷೆ ಆಮೇಲೆ ಬಾಡಿಗೆಗೆ ಬಂದು, ಕೋಣೆಗಳ ಅಳತೆಗೆ ತನ್ನನ್ನು ಹೊಂದಿಸಿಕೊಂಡಿರಬೇಕು. ನೆನಪಿನಲ್ಲಿ ನಿಲ್ಲದ ರೂಪಗಳನ್ನು ಮಕ್ಕಳು ಕಲಿಯದಿದ್ದರೆ ಅವು ಅಳಿಯಲೇಬೇಕು. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕ ಕೇಳಿದವರಿಗೆ ಇದು ತೀರ ಹೊಸ ಮಾತಲ್ಲ. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ನಡೆ ಮುಂದಿನ ಪದವನ್ನು ತಾನೇ ಕೈಹಿಡಿದು ತರುತ್ತದೆ. ಯಾರಾದರೂ ಕುಮಾರವ್ಯಾಸನ ಪದ್ಯ ಶುರುಮಾಡಿದರೆ ಅಜ್ಜಿ ಈಗಲೂ ಕೊನೆಮುಟ್ಟಿಸುತ್ತಾಳೆ.

ಕಳೆದ ವರ್ಷ ನಾನು ಹೋದಾಗ ಅವಳು, "ಬನ್ನಿ, ಕೂತ್ಕೊಳ್ಳಿ" ಎಂದಳು. ಅಲ್ಲಿಯವರೆಗೆ "ಬಾರೋ" ಎಂದೇ ಕರೆದವಳು. ಆ ಬಹುವಚನ ಚುಚ್ಚಿತು. ಗುರುತೇ ಇಲ್ಲದ ಮೇಲೆ ಹೋಗಿ ಏನು ಎಂದುಕೊಂಡು, ಶಿವಮೊಗ್ಗದಿಂದ ಅರ್ಧ-ಮುಕ್ಕಾಲು ಗಂಟೆಯ ಬಸ್ಸು ಹತ್ತುವುದನ್ನೇ ಮೂರು ತಿಂಗಳು ಬಿಟ್ಟೆ.

ನಾನು ತಪ್ಪಿದ್ದು ಅಲ್ಲೇ. ಸಂಬಂಧವನ್ನು ಅಂಗಡಿಯ ಲೆಕ್ಕದಂತೆ ಎಣಿಸಿದ್ದೆ: ನೆನಪಿದ್ದರೆ ಸಾಲ, ಮರೆತರೆ ಚುಕ್ತಾ. ಅಜ್ಜಿಯಾದರೋ ನಾನು ಯಾರೆಂದು ತಿಳಿಯದೆಯೂ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟಿದ್ದಳು. ಬಂದವರನ್ನು ಕೂರಿಸಿ ಉಪಚರಿಸುವುದೂ ಅವಳಲ್ಲಿ ರೂಢಿಯ ನೆನಪಾಗಿ ಉಳಿದಿತ್ತು, ಬಹುಶಃ ಆ ವಿಭಕ್ತಿ ಪ್ರತ್ಯಯಗಳ ಪಕ್ಕದಲ್ಲೇ.

ಯೋಚಿಸದೆ ಮಾಡಿದ ಒಳ್ಳೆಯದಕ್ಕೆ ಬೆಲೆ ಕಡಿಮೆಯೇ? ನನಗೆ ಹಾಗನ್ನಿಸುವುದಿಲ್ಲ. ಆ ರೂಢಿ ತಾನಾಗಿ ಬಂದದ್ದಲ್ಲ. ಬೇಸರವಾದಾಗಲೂ, ಕಾಲು ನೋಯುವಾಗಲೂ ಎದ್ದುಹೋಗಿ ನೀರು ತಂದ ಸಾವಿರಾರು ಸಲಗಳಿಂದ ಆದದ್ದು.

ಈಗ ಪ್ರತಿ ಭಾನುವಾರ ಹೋಗುತ್ತೇನೆ. "ನೀವು ಯಾರ ಮನೆಯವರು?" ಎಂದು ಕೇಳುತ್ತಾಳೆ. "ನಿನ್ನ ಮನೆಯವನೇ ಅಜ್ಜಿ" ಎನ್ನುತ್ತೇನೆ. ನನಗೂ ರೂಢಿಯಾಗಬೇಕಿದೆ.